ಒಂದು ಸೆಕೆಂಡಿಗೆ 250 ಯೂನಿಟ್

ಅಂಬಿಕಾನಗರದ ಆಚೆ, ಕಾಳಿ ಕಣಿವೆಯ ಆಳದಲ್ಲಿ ಕುಳಿತಿರುವ ನಾಗಝರಿ ವಿದ್ಯುದಾಗಾರದಲ್ಲಿ ಆರು ಯಂತ್ರಗಳಿವೆ. ಒಟ್ಟು ಸಾಮರ್ಥ್ಯ 900 ಮೆಗಾವಾಟ್. ಆರೂ ಪೂರ್ತಿ ಬಲದಲ್ಲಿ ತಿರುಗಿದರೆ ಗಂಟೆಗೆ 9 ಲಕ್ಷ ಯೂನಿಟ್, ನಿಮಿಷಕ್ಕೆ 15,000 ಯೂನಿಟ್, ಸೆಕೆಂಡಿಗೆ 250 ಯೂನಿಟ್ ವಿದ್ಯುತ್ತು ಹುಟ್ಟುತ್ತದೆ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ತಿಂಗಳಿಗೆ ಹೆಚ್ಚೆಂದರೆ 200 ಯೂನಿಟ್ ಉಚಿತ. ಒಂದು ಸಂಸಾರ ಮೂವತ್ತು ದಿನ ದೀಪ, ಫ್ಯಾನು, ಮಿಕ್ಸಿ, ಟಿ.ವಿ. ಎಲ್ಲ ಓಡಿಸಿ ಆ ಗಡಿ ಮುಟ್ಟುವಷ್ಟು ವಿದ್ಯುತ್ತನ್ನು ನಾಗಝರಿ ಒಂದು ಸೆಕೆಂಡು ತುಂಬುವ ಮೊದಲೇ ಕೊಟ್ಟು ಮುಗಿಸಿರುತ್ತದೆ.

ಈ ಲೆಕ್ಕವನ್ನು ಒಂದು ಇಡೀ ತಾಲ್ಲೂಕಿಗೆ ಹಾಕಿ ನೋಡೋಣ. 2011ರ ಜನಗಣತಿಯ ಹೊತ್ತಿಗೆ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಜನಸಂಖ್ಯೆ ಸುಮಾರು 52,000. ಮನೆಗಳನ್ನು ಅಂದಾಜು 11,000 ಎಂದು ಇಟ್ಟುಕೊಳ್ಳೋಣ. ಕಾಡಂಚಿನ ಒಂದು ಮನೆ ತಿಂಗಳಿಗೆ 50 ಯೂನಿಟ್ ಬಳಸುತ್ತದೆ ಎಂದುಕೊಳ್ಳೋಣ. ತಿಂಗಳಿಗೆ ಐದೂವರೆ ಲಕ್ಷ ಯೂನಿಟ್ ಆಯಿತು. ನಾಗಝರಿಗೆ ಇದು 37 ನಿಮಿಷದ ಕೆಲಸ. ವರ್ಷಪೂರ್ತಿ ಜೋಯಿಡಾದ ಎಲ್ಲ ಮನೆಗಳಿಗೆ ಬೇಕಾಗುವ ವಿದ್ಯುತ್ತು ಏಳೂವರೆ ಗಂಟೆಯೊಳಗೆ, ಅಂದರೆ ಕಾರ್ಮಿಕನೊಬ್ಬನ ಒಂದೇ ಪಾಳಿಯೊಳಗೆ ಸಿದ್ಧ. ವರ್ಷದ ಉಳಿದ 8,750 ಗಂಟೆಗಳಲ್ಲಿ ಆ ಯಂತ್ರಗಳು ಯಾವಾಗ ತಿರುಗಿದರೂ ಅದು ಬೇರೆಯವರ ಬೆಳಕು.

ಇಷ್ಟು ಹತ್ತಿರದಲ್ಲಿ ಇಷ್ಟೊಂದು ವಿದ್ಯುತ್ತಿದ್ದೂ ಮಳೆಗಾಲದಲ್ಲಿ ಒಂದು ಕೊಂಬೆ ಮುರಿದು ಬಿದ್ದರೆ ಜೋಯಿಡಾದ ಒಂದು ಕೇರಿ ದಿನಗಟ್ಟಲೆ ಕತ್ತಲಲ್ಲಿ ಕೂರಬೇಕಾಗುವುದು ಏಕೆ? ಈ ಪ್ರಶ್ನೆಗೆ ಉತ್ತರ ಅಣೆಕಟ್ಟೆಯಲ್ಲಿ ಸಿಗುವುದಿಲ್ಲ. ತಂತಿ ಎಳೆದು ಮನೆಗೆ ವಿದ್ಯುತ್ತು ಮಾರುವ ಸಂಸ್ಥೆಗೆ ಕೊಟ್ಟ ಲೈಸೆನ್ಸಿನಲ್ಲಿ, ಅದಕ್ಕೆ ಕಟ್ಟಿದ ಷರತ್ತುಗಳಲ್ಲಿ ಅದನ್ನು ಹುಡುಕಬೇಕು. ಅಲ್ಲಿಗೆ ಹೋಗುವ ಮೊದಲು ನದಿಯ ಅಗಾಧತೆಯನ್ನು ಇನ್ನಷ್ಟು ಅಳೆಯಬೇಕಿದೆ. ಅದು ಗೊತ್ತಾದರೆ ಮಾತ್ರ ಆಮೇಲೆ ಬರುವ ಪುಟ್ಟ ಅಂಕಿಗಳು ಎಷ್ಟು ಪುಟ್ಟವು ಎಂಬುದು ಅರ್ಥವಾಗುತ್ತದೆ.

ನೀರಿನ ತೂಕ

ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ. 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ ಅದನ್ನು ತಡೆದು ನಿಲ್ಲಿಸಿದೆ. ಅದರ ಹಿಂದೆ ನಿಲ್ಲಬಲ್ಲ ನೀರು ಸುಮಾರು 147 ಟಿಎಂಸಿ. ಕನ್ನಂಬಾಡಿಯ ಕೃಷ್ಣರಾಜಸಾಗರದ ಸಾಮರ್ಥ್ಯ 49 ಟಿಎಂಸಿ ಚಿಲ್ಲರೆ. ಹತ್ತಿರಹತ್ತಿರ ಮೂರು ಕನ್ನಂಬಾಡಿಗಳು ಗಣೇಶಗುಡಿಯ ಒಂದೇ ಗೋಡೆಯ ಹಿಂದೆ ಹಿಡಿಸುತ್ತವೆ.

ಆ ನೀರು ಬಂದು ಸೇರುವ ಜಲಾನಯನ ಪ್ರದೇಶ 1,057 ಚದರ ಕಿಲೋಮೀಟರ್. ಅಷ್ಟೂ ನೆಲದ ಮೇಲೆ ಸಮನಾಗಿ ಹರಡಿದರೆ ತುಂಬಿದ ಸೂಪಾದ ನೀರು ಸುಮಾರು ನಾಲ್ಕು ಮೀಟರ್ ಆಳ ನಿಲ್ಲುತ್ತದೆ. ಒಂದು ಹಂಗಾಮಿನಲ್ಲಿ ಇಷ್ಟು ನೀರು ಹರಿದು ಬರಬೇಕಾದರೆ ಘಟ್ಟದ ನೆತ್ತಿಯ ಕ್ಯಾಸಲ್‌ರಾಕ್‌ನಂಥ ಊರುಗಳ ಮಳೆಯೇ ಬೇಕು. ಅಂಥ ಮಳೆಯ ಸೀಮೆಯಲ್ಲಿದ್ದೂ ಸೂಪಾ ಪೂರ್ತಿ ತುಂಬುವುದು ಅಪರೂಪ. ಜಲಾನಯನದ ಮೇಲೆ ಬೀಳುವ ಒಂದೇ ಒಂದು ಸೆಂಟಿಮೀಟರ್ ಮಳೆ ಪೂರ್ತಿ ಹರಿದು ನಾಗಝರಿಗೆ ಇಳಿದರೆ ಹುಟ್ಟುವುದು 85 ಲಕ್ಷ ಯೂನಿಟ್‌ಗೂ ಹೆಚ್ಚು.

ಸೂಪಾದಿಂದ ಬಿಟ್ಟ ನೀರು ಬೊಮ್ಮನಹಳ್ಳಿ ಜಲಾಶಯಕ್ಕೆ ಬಂದು, ಅಲ್ಲಿಂದ ಸುರಂಗ ಹೊಕ್ಕು, ಸುಮಾರು 350 ಮೀಟರ್ ಕೆಳಗಿನ ನಾಗಝರಿಗೆ ಧುಮುಕುತ್ತದೆ. ಈ ಎತ್ತರದಲ್ಲಿ ಒಂದು ಯೂನಿಟ್ ಹುಟ್ಟಲು ಸರಿಸುಮಾರು 1,200 ಲೀಟರ್ ನೀರು ಬೇಕು. ಆರೂ ಯಂತ್ರ ತಿರುಗುವಾಗ ಪ್ರತಿ ಸೆಕೆಂಡಿಗೆ 3 ಲಕ್ಷ ಲೀಟರ್, ಎಂದರೆ 300 ಟನ್ ನೀರು ಆ ಕಣಿವೆಗೆ ಬೀಳುತ್ತಿರುತ್ತದೆ. ಈ ವೇಗದಲ್ಲಿ ಖರ್ಚು ಮಾಡಿದರೂ ತುಂಬಿದ ಸೂಪಾ ಒಂದು ಹನಿ ಹೊಸ ಮಳೆಯಿಲ್ಲದೆ ಐದು ತಿಂಗಳು ಬಾಳುತ್ತದೆ.

ಅದೇ ಅಳತೆಯನ್ನು ಒಂದು ದೀಪಕ್ಕೆ ಇಳಿಸಿದರೆ? 9 ವಾಟ್‌ನ ಒಂದು ಎಲ್‌ಇಡಿ ಬಲ್ಬು ಸಂಜೆ ಐದು ಗಂಟೆ ಉರಿಯಲು ಬೇಕಾದದ್ದು 54 ಲೀಟರ್ ನೀರು. ಮೂರ್ನಾಲ್ಕು ಕೊಡ. ಮಗುವೊಂದು ಓದಿ ಮುಗಿಸಿ ಮಲಗುವವರೆಗಿನ ಬೆಳಕಿನ ಬೆಲೆ ಬೆಟ್ಟದಿಂದ ಇಳಿದ ಮೂರ್ನಾಲ್ಕು ಕೊಡ ನೀರು.

ಒಂದು ದೇಶದಷ್ಟು ವಿದ್ಯುತ್ತು

ನಾಗಝರಿಯೊಂದೇ ಅಲ್ಲ. ಸೂಪಾ ಅಣೆಕಟ್ಟೆಯ ಬುಡದಲ್ಲಿ 100, ಕೆಳಗೆ ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150 ಮೆಗಾವಾಟ್. ನಾಲ್ಕೂ ಸೇರಿ ಕಾಳಿಯೊಂದರ ಮೇಲೆಯೇ 1,270 ಮೆಗಾವಾಟ್. ಅದೇ ಕಾಳಿಯ ದಡದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ 880 ಮೆಗಾವಾಟ್ ಬೇರೆ.

ಭೂತಾನವನ್ನು ತೆಗೆದುಕೊಳ್ಳಿ. ಜಲವಿದ್ಯುತ್ತನ್ನೇ ನೆಚ್ಚಿ ಬದುಕುವ ಬೆಟ್ಟದ ನಾಡು. 2017ರ ಜನಗಣತಿಯಲ್ಲಿ ಅದರ ಜನಸಂಖ್ಯೆ 7.27 ಲಕ್ಷ, ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 2011ರಲ್ಲೇ 14.37 ಲಕ್ಷ. ಭೂತಾನದ ಹೆಸರಾಂತ ತಾಲಾ ಯೋಜನೆ 1,020 ಮೆಗಾವಾಟ್. ಕಾಳಿಯ ಮೊತ್ತ ಅದಕ್ಕಿಂತ ದೊಡ್ಡದು. ಭೂತಾನದ ಮೊದಲ ದೊಡ್ಡ ವಿದ್ಯುದಾಗಾರ ಚುಖಾ ಕೆಲಸ ಆರಂಭಿಸಿದ್ದು 1986ರಲ್ಲಿ. ಆ ಹೊತ್ತಿಗೆ ನಾಗಝರಿಯ ಯಂತ್ರಗಳು ತಿರುಗತೊಡಗಿ ಹಲವು ವರ್ಷಗಳಾಗಿದ್ದವು.

ಇನ್ನು ಮಾರಿಷಸ್. ಅದರ ಮುಖ್ಯ ದ್ವೀಪದ ವಿಸ್ತೀರ್ಣ 1,865 ಚದರ ಕಿಲೋಮೀಟರ್. ಜೋಯಿಡಾ ತಾಲ್ಲೂಕೂ ಹತ್ತಿರಹತ್ತಿರ ಅಷ್ಟೇ. ಆ ದ್ವೀಪದಲ್ಲಿ 12 ಲಕ್ಷಕ್ಕೂ ಹೆಚ್ಚು ಜನ, ಕಾರ್ಖಾನೆಗಳು, ಹೋಟೆಲುಗಳು. ಅವರೆಲ್ಲರೂ ಒಟ್ಟಿಗೆ ಅತಿ ಹೆಚ್ಚು ವಿದ್ಯುತ್ತು ಬಳಸುವ ಗಳಿಗೆಯ ಬೇಡಿಕೆ 500 ಮೆಗಾವಾಟ್ ಆಸುಪಾಸು. ನಾಗಝರಿಯ ನಾಲ್ಕು ಯಂತ್ರ ಸಾಕು, ಎರಡು ಬಿಡುವಾಗಿರುತ್ತವೆ.

ಇಂಥ ಪುಟ್ಟ ದೇಶಗಳಿಗೆ ತಮ್ಮದೇ ವಿದ್ಯುತ್ ನಿಯಂತ್ರಣ ವ್ಯವಸ್ಥೆ ಇದೆ. ಭೂತಾನ 2001ರಲ್ಲೇ ವಿದ್ಯುತ್ ಕಾಯ್ದೆ ತಂದು ಪ್ರಾಧಿಕಾರ ಕಟ್ಟಿಕೊಂಡಿತು. ಪೆಸಿಫಿಕ್ ಸಾಗರದ ವನುವಾಟುವಿನ ಜನಸಂಖ್ಯೆ ಸುಮಾರು 3 ಲಕ್ಷ. ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೇರಿದರೆ ಆಗುವುದೂ ಹತ್ತಿರಹತ್ತಿರ ಅಷ್ಟೇ. ಅಲ್ಲಿ ವಿದ್ಯುತ್ ಕಂಪನಿಗಳ ದರವನ್ನೂ ಸೇವೆಯನ್ನೂ ನೋಡಿಕೊಳ್ಳಲೆಂದೇ 2008ರಿಂದ ಒಂದು ಪ್ರತ್ಯೇಕ ಪ್ರಾಧಿಕಾರ ಕೆಲಸ ಮಾಡುತ್ತಿದೆ.

ನಮ್ಮ ನಾಲ್ಕು ತಾಲ್ಲೂಕುಗಳು ಸೇರಿರುವುದು ಮನೆಗಳಿಗೆ ವಿದ್ಯುತ್ತು ಹಂಚುವ ಕಂಪನಿ ಹೆಸ್ಕಾಂಗೆ. ಧಾರವಾಡ, ಗದಗ, ಹಾವೇರಿ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಉತ್ತರ ಕನ್ನಡ: ಏಳು ಜಿಲ್ಲೆ, ಸುಮಾರು 54,500 ಚದರ ಕಿಲೋಮೀಟರ್. ಡೆನ್ಮಾರ್ಕ್‌ಗಿಂತ ದೊಡ್ಡ ನೆಲ. 2011ರ ಲೆಕ್ಕದಲ್ಲೇ ಒಂದೂವರೆ ಕೋಟಿಯ ಹತ್ತಿರ ಜನ, ಎಂದರೆ ಇಪ್ಪತ್ತು ಭೂತಾನ. ಈ ಹೆಸ್ಕಾಂ ಮತ್ತು ರಾಜ್ಯದ ಉಳಿದ ಎಲ್ಲ ಕಂಪನಿಗಳ ಮೇಲೆ ಕಣ್ಣಿಡುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದಲ್ಲಿ ಕಾನೂನಿನ ಪ್ರಕಾರ ಇರಬಹುದಾದವರು ಅಧ್ಯಕ್ಷರೂ ಸೇರಿ ಮೂರೇ ಮಂದಿ.

ನದಿಗೆ ಬೇಡದ ಲೈಸೆನ್ಸು ತಂತಿಗೆ ಬೇಕು

ಇಲ್ಲೊಂದು ಸಂಗತಿ ಮೊದಲ ಸಲ ಕೇಳಿದವರನ್ನು ಬೆರಗುಗೊಳಿಸುತ್ತದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ವಿದ್ಯುತ್ತು ಉತ್ಪಾದಿಸಲು ಲೈಸೆನ್ಸ್ ಬೇಕಿಲ್ಲ. ದೊಡ್ಡ ಜಲವಿದ್ಯುತ್ ಯೋಜನೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸಮ್ಮತಿ ಬೇಕು, ಪರಿಸರದ ಅನುಮತಿಗಳು ಬೇಕು. ಉತ್ಪಾದನೆಗೆಂದು ಲೈಸೆನ್ಸ್ ಮಾತ್ರ ಇಲ್ಲ. ಅದೇ ಯಾರಾದರೂ ಒಂದು ಊರಿನಲ್ಲಿ ಕಂಬ ನೆಟ್ಟು ಮನೆಮನೆಗೆ ವಿದ್ಯುತ್ತು ಮಾರತೊಡಗಿದರೆ 12ನೆಯ ಕಲಮು ಅಡ್ಡ ಬರುತ್ತದೆ: ಲೈಸೆನ್ಸ್ ಎಲ್ಲಿ?

ಇದರ ಹಿಂದಿನ ವಿವೇಕ ದೊಡ್ಡದು. ಉತ್ಪಾದಿಸುವವನಿಗೆ ಕೊಳ್ಳುವವರು ಹಲವರು. ಮನೆಗೆ ಬರುವ ತಂತಿ ಮಾತ್ರ ಒಂದೇ. ಅದರ ತುದಿಯಲ್ಲಿ ಕುಳಿತವರಿಗೆ ಬೇರೆ ದಾರಿಯಿಲ್ಲ. ಕೈಯಲ್ಲಿ ತಂತಿ ಹಿಡಿದವನು ಹೇಳಿದ ದರ ಕೊಡಬೇಕು, ಅವನು ಬಂದಾಗ ರಿಪೇರಿ ಮಾಡಿಸಿಕೊಳ್ಳಬೇಕು. ಆದ್ದರಿಂದ ಕಾನೂನು ತನ್ನ ಭಾರವನ್ನೆಲ್ಲ ತಂತಿಯ ಮೇಲೆ ಇಟ್ಟಿತು. 25 ವರ್ಷದ ಲೈಸೆನ್ಸ್ ಕೊಟ್ಟು, ದರ ಕಟ್ಟುವ ಹಕ್ಕನ್ನು ಕಂಪನಿಯ ಕೈಯಿಂದ ತೆಗೆದು ಆಯೋಗಕ್ಕೆ ಒಪ್ಪಿಸಿತು. ಬೇಕೆಂದೇ ಷರತ್ತು ಮುರಿಯುತ್ತ ಹೋದರೆ ಲೈಸೆನ್ಸನ್ನೇ ರದ್ದು ಮಾಡುವ ಅಧಿಕಾರವನ್ನೂ ಕೊಟ್ಟಿತು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಕಾಯ್ದೆಯ ಹೆಚ್ಚುಕಡಿಮೆ ಎಲ್ಲ ಪಾತ್ರಗಳೂ ಇವೆ. ಜೋಯಿಡಾದಲ್ಲಿ ಅಣೆಕಟ್ಟೆ ಮತ್ತು ರಾಜ್ಯದ ವಿದ್ಯುತ್ ನಿಗಮ. ದಾಂಡೇಲಿಯಲ್ಲಿ 1959ರಿಂದ ಕಾಗದ ತಯಾರಿಸುತ್ತಿರುವ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್. ತನಗೆ ಬೇಕಾದ ವಿದ್ಯುತ್ತನ್ನು ತಾನೇ ತಯಾರಿಸಿಕೊಳ್ಳುವ ಕಾರ್ಖಾನೆಗೂ ಕಾಯ್ದೆಯಲ್ಲಿ ಪ್ರತ್ಯೇಕ ಕಲಮು ಇದೆ. ಹಳಿಯಾಳದಲ್ಲಿ ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ತು ತೆಗೆಯುವ ಸಕ್ಕರೆ ಕಾರ್ಖಾನೆ, ಜೊತೆಗೆ 10 ಎಚ್‌ಪಿವರೆಗೆ ಉಚಿತ ವಿದ್ಯುತ್ತು ಪಡೆಯುವ ರೈತರ ಪಂಪ್‌ಸೆಟ್ಟುಗಳು. ಮುಂಡಗೋಡದಲ್ಲಿ ಬಳಕೆದಾರರು: ಗದ್ದೆ ಹೊಲಗಳ ಊರುಗಳು, 1966ರಿಂದ ನೆಲೆಸಿರುವ ಟಿಬೆಟನ್ ಕ್ಯಾಂಪುಗಳು, ಅವರ ದೊಡ್ಡ ವಿಹಾರಗಳು. ಈ ಎಲ್ಲರನ್ನೂ ಒಂದೇ ಜಾಲಕ್ಕೆ ಕಟ್ಟಿ, ಎಲ್ಲರ ಲೆಕ್ಕ ಬರೆಯುವುದು ಒಂದೇ ಲೈಸೆನ್ಸ್‌ದಾರ ಕಂಪನಿ.

ಆ ಕಂಪನಿಗೆ ವಯಸ್ಸು ಹೆಚ್ಚಿಲ್ಲ. 1957ರಲ್ಲಿ ಹುಟ್ಟಿದ ವಿದ್ಯುತ್ ಮಂಡಳಿಯನ್ನು ಹಳ್ಳಿಗಳಲ್ಲಿ ಜನ ಇಂದಿಗೂ ‘ಕೆಇಬಿ’ ಎಂದೇ ಕರೆಯುತ್ತಾರೆ. ದರ ಕಟ್ಟುವುದು, ಮಾರುವುದು, ತಪ್ಪಿದರೆ ವಿಚಾರಿಸುವುದು ಎಲ್ಲವೂ ಹೆಚ್ಚುಕಡಿಮೆ ಸರ್ಕಾರದ ಒಂದೇ ಮನೆಯೊಳಗೆ ನಡೆಯುತ್ತಿದ್ದ ಕಾಲ ಅದು. 1999ರ ಸುಧಾರಣಾ ಕಾಯ್ದೆ ಅದನ್ನು ಬಿಡಿಸಿತು. ಆಯೋಗ ಬೇರೆಯಾಯಿತು. 2002ರ ಜೂನ್ 1ರಂದು ಹೆಸ್ಕಾಂ ಕೆಲಸ ಆರಂಭಿಸಿತು.

ಒಂದೇ ತಾಲ್ಲೂಕು ಸ್ವಂತ ಲೈಸೆನ್ಸ್ ಹಿಡಿದು ನಡೆಯಬಹುದು ಎಂಬುದಕ್ಕೆ ಸಾಕ್ಷಿಯೂ ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿದೆ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಲ್ಲಿ ಹುಟ್ಟಿದ್ದು, ದೇಶದ ಮೊದಲ ಐದು ಇಂಥ ಸಂಘಗಳಲ್ಲಿ ಒಂದು. ಸುತ್ತಲೂ ಹೆಸ್ಕಾಂ ಸೀಮೆಯಿದ್ದರೂ ಅಲ್ಲಿ ಬಿಲ್ಲು ಕೊಡುವುದು ಈ ಸಂಘ. ಅದಕ್ಕೂ ದರ ಕಟ್ಟುವುದು ಇದೇ ಆಯೋಗ.

ಚದರ ಕಿಲೋಮೀಟರಿಗೆ ಆರು ಮನೆ

ಜೋಯಿಡಾದ ಕಷ್ಟವೂ ಅಂಕಿಯಲ್ಲಿಯೇ ಇದೆ. ಸುಮಾರು 1,900 ಚದರ ಕಿಲೋಮೀಟರಿನಲ್ಲಿ 11,000 ಮನೆ ಎಂದರೆ ಚದರ ಕಿಲೋಮೀಟರಿಗೆ ಆರು ಮನೆಯೂ ಇಲ್ಲ. ಬೆಂಗಳೂರು ನಗರದೊಳಗೆ ಅಷ್ಟೇ ಜಾಗದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಮನೆಗಳಿರುತ್ತವೆ. ಅಲ್ಲಿ ಒಂದು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಒಂದು ಓಣಿಗೂ ಸಾಲುವುದಿಲ್ಲ. ಇಲ್ಲಿ ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಐದು ಕಿಲೋಮೀಟರ್ ಕಾಡಿದ್ದರೆ, 50 ಮೀಟರಿಗೊಂದರಂತೆ 100 ಕಂಬ ಬೇಕು. ಆ ಕಡೆ ಇರುವುದು ಕುಣಬಿಗಳ ಹತ್ತು ಮನೆಯೋ ಗೌಳಿಗಳ ಆರು ಮನೆಯೋ. ಹತ್ತು ಮನೆಯೆಂದರೂ ಮನೆಗೆ ಹತ್ತು ಕಂಬ. ಆ ಕಂಬಗಳ ನಡುವೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದ್ದರೆ ಅರಣ್ಯದ ಅನುಮತಿಯ ದೊಡ್ಡ ಹಾದಿ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಕಂಬದ ಮೇಲೆ ಯಾವ ಮರ ಬೀಳುತ್ತದೋ! ಸುರಿವ ಮಳೆಯಲ್ಲಿ, ಜಿಗಣೆ ಕಚ್ಚಿಸಿಕೊಂಡು, ಏಣಿ ಹೊತ್ತು ಆ ನೂರು ಕಂಬಗಳನ್ನು ಒಂದೊಂದಾಗಿ ನೋಡುತ್ತ ಹೋಗುವ ಲೈನ್‌ಮ್ಯಾನ್‌ಗೆ ನಾವು ಋಣಿಗಳು.

ಲಾಭವನ್ನೇ ನೋಡುವ ಯಾವ ಕಂಪನಿಯೂ ಈ ಹತ್ತು ಮನೆಗೆ ತಂತಿ ಎಳೆಯುವುದಿಲ್ಲ. ಎಳೆಯುವಂತೆ ಮಾಡುವ ಶಕ್ತಿ ಇರುವುದು ಲೈಸೆನ್ಸಿಗೆ. ಕೇಳಿದವರಿಗೆ ವಿದ್ಯುತ್ತು ಕೊಡಲೇಬೇಕು ಎಂಬುದು ಕಾಯ್ದೆಯ 43ನೆಯ ಕಲಮು. ಹೊಸ ಸಂಪರ್ಕಕ್ಕೆ 2024ರಲ್ಲಿ ತಿದ್ದಿದ ಕೇಂದ್ರದ ನಿಯಮಗಳು ಕೊಟ್ಟ ಗಡುವು ಮಹಾನಗರದಲ್ಲಿ 3 ದಿನ, ಪಟ್ಟಣಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನ, ಗುಡ್ಡಗಾಡಿನ ಹಳ್ಳಿಗಳಲ್ಲಿ 30 ದಿನ. ಟಿ.ಸಿ. ಸುಟ್ಟರೆ ಪೇಟೆಯಲ್ಲಿ 24 ಗಂಟೆಯೊಳಗೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕು ಎಂಬುದು ರಾಜ್ಯ ಆಯೋಗದ ಮಾನದಂಡ. ದರವೂ ಹಾಗೆಯೇ: ನೂರು ಕಂಬ ದಾಟಿ ಹೋದ ಯೂನಿಟ್ಟಿಗೂ ಹುಬ್ಬಳ್ಳಿಯ ಪೇಟೆಯ ಯೂನಿಟ್ಟಿಗೂ ಒಂದೇ ಬೆಲೆ. 2025ರ ಏಪ್ರಿಲ್‌ನಲ್ಲಿ ಮನೆಬಳಕೆಗೆ ಅದು 5 ರೂಪಾಯಿ 80 ಪೈಸೆ ಇತ್ತು. ಕಾಡಿನ ಮನೆಗೆ ದೂರದ ದಂಡ ಬೀಳದಂತೆ ತಡೆದಿರುವುದು ಈ ನಿಯಂತ್ರಣವೇ. ನಾಗಝರಿಯ 900 ಮೆಗಾವಾಟ್‌ಗಿಂತ ದೊಡ್ಡ ಸಾಧನೆ ಇದು ಎಂದು ನಾನು ನಂಬಿದ್ದೇನೆ.

ತಂತಿ ಹೋಗಲಾರದ ಕಡೆಗೂ ಕಾಯ್ದೆ ಒಂದು ಬಾಗಿಲು ತೆರೆದಿಟ್ಟಿದೆ. ಸರ್ಕಾರ ಗುರುತಿಸಿದ ಗ್ರಾಮೀಣ ಪ್ರದೇಶದಲ್ಲಿ ಯಾರಾದರೂ ತಾವೇ ವಿದ್ಯುತ್ತು ತಯಾರಿಸಿ ಅಲ್ಲಿಯೇ ಹಂಚುವುದಾದರೆ ಲೈಸೆನ್ಸ್ ಬೇಡ. ಬೆಟ್ಟದ ತೊರೆಗೆ ಪುಟ್ಟ ಯಂತ್ರ ಇಟ್ಟು ಮನೆ ಬೆಳಗಿಸಿಕೊಂಡ ಮಲೆನಾಡಿನವರಿಗೆ, ಸೌರ ಫಲಕ ಹಾಕಿಕೊಂಡ ಕೇರಿಗಳಿಗೆ ಇದು ದೊಡ್ಡ ಆಸರೆ.

ಚಿಕ್ಕದಾಗಿರುವ ದಂಡ, ಕಾಣದಾಗಿರುವ ತಾಲ್ಲೂಕು

ಆದರೆ ಇಷ್ಟೆಲ್ಲ ಬರೆದ ಕಾನೂನು ಎರಡು ಕಡೆ ಅಳತೆ ತಪ್ಪಿದೆ.

ಮೊದಲನೆಯದು ದಂಡ. ಗಡುವು ಮೀರಿಯೂ ಸಂಪರ್ಕ ಕೊಡದಿದ್ದರೆ 43ನೆಯ ಕಲಮಿನಡಿ ದಂಡ ದಿನಕ್ಕೆ ಹೆಚ್ಚೆಂದರೆ 1,000 ರೂಪಾಯಿ. ನಾಗಝರಿ ಪೂರ್ತಿ ಬಲದಲ್ಲಿ ಒಂದು ಸೆಕೆಂಡಿಗೆ ಕೊಡುವ 250 ಯೂನಿಟ್ಟಿಗೆ 2025ರ ಆ ಮನೆದರ ಹಾಕಿದರೆ 1,450 ರೂಪಾಯಿ. ಒಂದು ಕುಟುಂಬ ಇಡೀ ದಿನ ಕತ್ತಲಲ್ಲಿ ಕಾದದ್ದಕ್ಕೆ ಕಾನೂನು ಕಟ್ಟಿದ ಗರಿಷ್ಠ ಬೆಲೆ ಆ ಯಂತ್ರಗಳ ಮುಕ್ಕಾಲು ಸೆಕೆಂಡಿನ ದುಡಿಮೆಗಿಂತ ಕಮ್ಮಿ. ತಂತಿಯೇ ಇಲ್ಲದ ಹಳ್ಳಿ, ಕೇರಿಗಳಿಗೆ ಈ ಗಡುವನ್ನು ಬೇಕಾದಷ್ಟು ವಿಸ್ತರಿಸಲು ಆಯೋಗಕ್ಕೆ ಅದೇ ಕಲಮು ಅವಕಾಶ ಕೊಟ್ಟಿದೆ. ಗಡುವೇ ಸರಿಯುತ್ತ ಹೋದರೆ ದಂಡದ ಮಾತೆಲ್ಲಿ?

ಎರಡನೆಯದು ಸರಾಸರಿ. ಹೆಸ್ಕಾಂ ಸೀಮೆಯ ಒಂದೂವರೆ ಕೋಟಿಯಲ್ಲಿ ಜೋಯಿಡಾದ ಪಾಲು ನೂರಕ್ಕೆ 0.35. ಇಡೀ ತಾಲ್ಲೂಕು ಒಂದು ತಿಂಗಳು ಕತ್ತಲಲ್ಲಿ ಮುಳುಗಿ, ಉಳಿದವರಿಗೆಲ್ಲ ಒಂದು ನಿಮಿಷವೂ ಕರೆಂಟು ಹೋಗದಿದ್ದರೆ ಕಂಪನಿಯ ಆ ತಿಂಗಳ ಸರಾಸರಿ ಲೆಕ್ಕದಲ್ಲಿ ಪೂರೈಕೆ ನೂರಕ್ಕೆ 99.65 ಎಂದು ಬರುತ್ತದೆ. ಯಾವ ವರದಿಯಲ್ಲೂ ಅದು ಹೆಮ್ಮೆಯ ಅಂಕಿ. 52,000 ಜನರ ಮೂವತ್ತು ರಾತ್ರಿಗಳು ಅದರೊಳಗೆ ಕಾಣದೆ ಹೋಗುತ್ತವೆ. ಭೂತಾನದಲ್ಲೋ ವನುವಾಟುವಿನಲ್ಲೋ ಹಾಗಾಗದು. ಅಲ್ಲಿ ಲೆಕ್ಕದ ಪುಸ್ತಕವೇ ಚಿಕ್ಕದು, ಒಂದು ಕಣಿವೆ ಕತ್ತಲಾದರೆ ದೇಶದ ಅಂಕಿಯೇ ಅಲುಗುತ್ತದೆ.

ನಮಗೆ ಪ್ರತ್ಯೇಕ ದೇಶವೂ ಬೇಡ, ಪ್ರತ್ಯೇಕ ಕಂಪನಿಯೂ ಬೇಡ. ಪ್ರತ್ಯೇಕ ಲೆಕ್ಕ ಬೇಕು. ಜೋಯಿಡಾದಲ್ಲಿ ಎಷ್ಟು ಗಂಟೆ ಕರೆಂಟಿತ್ತು, ಮುಂಡಗೋಡದಲ್ಲಿ ಎಷ್ಟು ಟಿ.ಸಿ.ಗಳನ್ನು 72 ಗಂಟೆಯೊಳಗೆ ಬದಲಿಸಿದರು, ಹಳಿಯಾಳದಲ್ಲಿ, ದಾಂಡೇಲಿಯಲ್ಲಿ ಎಷ್ಟು ಅರ್ಜಿಗಳು ಗಡುವು ಮೀರಿದವು ಎಂಬುದು ತಾಲ್ಲೂಕುವಾರು, ತಿಂಗಳುವಾರು, ಕನ್ನಡದಲ್ಲಿ, ಪಂಚಾಯ್ತಿಯ ಗೋಡೆಯ ಮೇಲೆ ಬರಬೇಕು. ಇದನ್ನು ಕೇಳಲು ಹೊಸ ಕಾನೂನು ಬೇಕಾಗಿಲ್ಲ. ದರ ಪರಿಷ್ಕರಣೆಯ ಅರ್ಜಿ ಬಂದಾಗಲೆಲ್ಲ ಆಯೋಗ ಸಾರ್ವಜನಿಕರ ಆಕ್ಷೇಪ ಕೇಳಬೇಕು, 120 ದಿನಗಳೊಳಗೆ ಆದೇಶ ಕೊಡಬೇಕು. ಆ ಆಕ್ಷೇಪ ಸಲ್ಲಿಸಲು ವಕೀಲರೇ ಬೇಕೆಂದಿಲ್ಲ. ಕೈಯಲ್ಲಿ ಒಂದು ಆರ್.ಆರ್. ನಂಬರಿನ ಬಿಲ್ಲಿದ್ದರೆ ಸಾಕು. ದೊಡ್ಡ ಕಾರ್ಖಾನೆಯ ಆಕ್ಷೇಪವನ್ನೂ ಒಂದು ಪುಟ್ಟ ಮನೆಯ ಆಕ್ಷೇಪವನ್ನೂ ಆಯೋಗ ಒಂದೇ ಕಡತದಲ್ಲಿ ಇಟ್ಟು ಉತ್ತರಿಸಬೇಕು. ಹಳೆಯ ಸೂಪಾ ಊರನ್ನೇ ನೀರಿಗೆ ಬಿಟ್ಟು ರಾಮನಗರಕ್ಕೋ ಮತ್ತೆಲ್ಲಿಗೋ ಗಂಟುಮೂಟೆ ಕಟ್ಟಿದವರ ಮಕ್ಕಳು ಇಲ್ಲಿದ್ದಾರೆ. ರಾಜ್ಯದ ದೀಪಗಳಿಗೆ ಅವರು ಕೊಟ್ಟದ್ದು ಟಿಎಂಸಿಗಳ ಲೆಕ್ಕದಲ್ಲಿ. ಅವರಿಗೆ ಬರಬೇಕಾದದ್ದನ್ನು ಗಂಟೆಗಳ ಲೆಕ್ಕದಲ್ಲಿ ಬರೆದು ತೋರಿಸುವುದು ಲೈಸೆನ್ಸ್ ಹಿಡಿದವರ ಕರ್ತವ್ಯ. ತೋರಿಸಿ ಎಂದು ಮುಂದಿನ ವಿಚಾರಣೆಯಲ್ಲಿ ಎದ್ದು ನಿಂತು ಕೇಳುವುದು ನಾಲ್ಕೂ ತಾಲ್ಲೂಕುಗಳ ಕೆಲಸ.